ಕೆಮ್ಮಣ್ಣಿಗೆ ಮರಳಿದ ಪೈಲ್ವಾನ

ಕಾರಹುಣ್ಣಿಮೆ ಹತ್ತಿರ ಬಂತೆಂದರೆ ರಾಯಚೂರಿಗೆ ಎಲ್ಲಿಲ್ಲದ ಹುರುಪು. ಮುನ್ನೂರುಕಾಪು ಸಮಾಜದ ಮುಂಗಾರು ಹಬ್ಬದಲ್ಲಿ ಒಂದೂವರೆ ಟನ್ನಿನ ಕಲ್ಲು ಎಳೆಯುವ ಎತ್ತುಗಳ ಕಾಲಡಿ ದೂಳೇಳುತ್ತದೆ. ಭಾರ ಎಳೆಯುವುದು ಈ ಊರಿಗೆ ಹೊಸದಲ್ಲ. 1294ರಲ್ಲಿ ಕಟ್ಟಿದ ಕೋಟೆಯ ಗೋಡೆಯಲ್ಲಿ ಸುಮಾರು 41 ಅಡಿ ಉದ್ದದ ಶಾಸನದ ಕಲ್ಲಿದೆ. ಅಂಥ ಕಲ್ಲನ್ನು ದನ ಹೂಡಿದ ಬಂಡಿಯ ಮೇಲೆ ಎಳೆದು ತರುವ ಚಿತ್ರವನ್ನೂ ಅಲ್ಲೇ ಕೊರೆದಿದ್ದಾರೆ. ಹಬ್ಬದಲ್ಲಿ ಎತ್ತುಗಳ ಸರದಿಯಷ್ಟೇ ಅಲ್ಲ, ಮನುಷ್ಯರ ಸರದಿಯೂ ಉಂಟು: ಗುಂಡು ಎತ್ತುವುದು, ಉಸುಕಿನ ಚೀಲ ಎತ್ತುವುದು, ಕುಸ್ತಿ. ದೇವದುರ್ಗ, ಮಾನ್ವಿ ಕಡೆಯ ಹಳ್ಳಿಗಳ ಜನ ಟಂಟಂ ಹತ್ತಿ ಬಂದು ಅಖಾಡದ ಸುತ್ತ ಕೂಡುತ್ತಾರೆ.

ಅಖಾಡದ ಮಣ್ಣು ಸುಮ್ಮನೆ ತಂದು ಸುರಿದದ್ದಲ್ಲ. ಜರಡಿ ಹಿಡಿದು ಹರಳು ತೆಗೆದು, ಎಣ್ಣೆ, ಮಜ್ಜಿಗೆ, ನಿಂಬೆರಸ, ಅರಿಸಿನ ಬೆರೆಸಿ ಹದ ಮಾಡಿದ ಕೆಮ್ಮಣ್ಣು. ಹಲಗೆಯ ಬಡಿತಕ್ಕೆ ಮೊದಲು ಹುಡುಗರ ಜೋಡಿಗಳು ಇಳಿಯುತ್ತವೆ. ಹೊತ್ತು ಇಳಿದಂತೆ ದೊಡ್ಡ ಜೋಡಿಗಳು.

ಆಗ ಏಳುತ್ತಾನೆ ನಲವತ್ತು ದಾಟಿದವನೊಬ್ಬ. ತಿಕ್ಕಾಟಕ್ಕೆ ದಪ್ಪಗಟ್ಟಿ ಮುದುಡಿದ ಕಿವಿ, ಮೊಣಕಾಲಿಗೆ ಬಿಗಿದ ಪಟ್ಟಿ, ಕಿವಿಯ ಪಕ್ಕದಲ್ಲಿ ನರೆಗೂದಲು. ಹಿರಿಯರು ಅವನನ್ನೂ ಎದುರಾಳಿ ಹುಡುಗನನ್ನೂ ಅಕ್ಕಪಕ್ಕ ನಿಲ್ಲಿಸಿ, ಮೈಕಟ್ಟು ತೂಗಿ ನೋಡಿ, 'ಜೋಡಿ ಸರಿ ಐತಿ, ಬಿಡ್ರಿ' ಅನ್ನುತ್ತಾರೆ. ಅವನು ಮಣ್ಣು ಮುಟ್ಟಿ ಕಣ್ಣಿಗೊತ್ತಿಕೊಂಡು, ಒಂದು ಹಿಡಿ ತೆಗೆದು ಎದುರಾಳಿಯ ಹೆಗಲಿಗೆ ಸವರುತ್ತಾನೆ. ಬೆವರಿದ ಮೈ ಜಾರಬಾರದು.

ಹುಡುಗ ಸುತ್ತುತ್ತಾನೆ, ಹಾರಿ ಕಾಲಿಗೆ ಬೀಳುತ್ತಾನೆ. ಇವನು ಬೆನ್ನು ಹತ್ತುವುದಿಲ್ಲ. ವಯಸ್ಸು ಮೊದಲು ಕಸಿಯುವುದು ವೇಗವನ್ನು, ಉಸಿರನ್ನು. ಕೈಹಿಡಿತ ಬಹಳ ಕಾಲ ಉಳಿಯುತ್ತದೆ. ಹಾಗಾಗಿ ಅವನ ಕಣ್ಣೆಲ್ಲ ಹುಡುಗನ ಮಣಿಕಟ್ಟಿನ ಮೇಲೆ. ಅದು ಸಿಕ್ಕಿತೋ, ಎದೆಯ ಭಾರವನ್ನೆಲ್ಲ ಅದರ ಮೇಲೆ ಹಾಕಿ ಕುತ್ತಿಗೆ ಬಗ್ಗಿಸುತ್ತಾನೆ. ಹುಡುಗನ ಉಸಿರೂ ಈಗ ಕಟ್ಟತೊಡಗುತ್ತದೆ. ಚಿತ್ ಆಗುವುದು ಯಾರು ಎಂಬುದು ಆಮೇಲಿನ ಮಾತು, ಲೆಕ್ಕ ಸಮವಾಗಿದೆ.

ಸುತ್ತ ಕೂತ ಹುಡುಗರು ಮೊಬೈಲಿನಲ್ಲಿ ಪಂಜರದೊಳಗಿನ ಎಂಎಂಎ ಕಾದಾಟ ನೋಡುವವರು. ಆ ಪಂಜರದೊಳಗೂ ಇದೇ ಹಿಡಿತ ಗೆದ್ದಿದೆ. ಕುಸ್ತಿಯಿಂದ ಬಂದ ಅಮೆರಿಕದ ರ‍್ಯಾಂಡಿ ಕೊಟೂರ್ 2006ರಲ್ಲಿ ನಿವೃತ್ತಿ ಹೇಳಿದ್ದವರು, 2007ರಲ್ಲಿ 43ನೇ ವಯಸ್ಸಿಗೆ ಮರಳಿ, ತನಗಿಂತ ಎತ್ತರದ ಟಿಮ್ ಸಿಲ್ವಿಯಾ ಅವರನ್ನು ಐದು ಸುತ್ತು ಸತಾಯಿಸಿ ಯುಎಫ್‌ಸಿ ಎಂಬ ಎಂಎಂಎ ಕೂಟದ ಹೆವಿವೇಟ್ ಪಟ್ಟ ಗೆದ್ದರು. ನಮ್ಮ ಗಾಮಾ ಪೈಲ್ವಾನರದ್ದು ಅದಕ್ಕೂ ಹಿಂದಿನ ಕತೆ. 1910ರಲ್ಲಿ ಲಂಡನ್ನಿನಲ್ಲಿ ಎರಡೂವರೆ ತಾಸಿಗೂ ಹೆಚ್ಚು ಹೊತ್ತು ಸೆಣಸಿದರೂ ಕೆಡವಲಾಗದ ಜಿಬಿಸ್ಕೊ ಎಂಬ ಕುಸ್ತಿಪಟುವನ್ನು 1928ರಲ್ಲಿ, ಐವತ್ತರ ಹತ್ತಿರದಲ್ಲಿ, ಪಟಿಯಾಲದಲ್ಲಿ ಒಂದು ನಿಮಿಷದೊಳಗೆ ಕೆಡವಿದರು.

ನಮ್ಮ ಕಡೆಯ ಪೈಲ್ವಾನ ಸೋತು ಅಖಾಡ ಬಿಡುವುದು ಕಡಿಮೆ. ಹೊಟ್ಟೆಪಾಡು ಬಿಡಿಸುತ್ತದೆ. ರಾಯಚೂರು ಸೀಮೆಯ ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ತುಂಗಭದ್ರೆ. ಆದರೂ ಕಾಲುವೆ ನೀರು ಮುಟ್ಟದ ಹಳ್ಳಿಗಳಿಂದ ದುಡಿಯುವ ವಯಸ್ಸಿನವರು ಬೆಂಗಳೂರಿಗೆ ಗುಳೆ ಹೋಗುತ್ತಾರೆ. ಹಾಲು, ಬಾದಾಮಿ, ತುಪ್ಪ, ದಿನವೂ ನೂರಾರು ಬಸ್ಕಿ: ಸಿಮೆಂಟು ಹೊರುವವನಿಗೆ ಇದಕ್ಕೆಲ್ಲ ದುಡ್ಡೂ ಇಲ್ಲ, ಹೊತ್ತೂ ಇಲ್ಲ. ಮೈ ತುಂಬಿದ್ದ ವರ್ಷಗಳನ್ನು ಕಟ್ಟಡಗಳಿಗೆ ಕೊಟ್ಟು ಬಂದವನು ಮತ್ತೆ ಲಂಗೋಟಿ ಕಟ್ಟುವುದೆಂದರೆ, ತನಗೆ ಸಲ್ಲಬೇಕಾದದ್ದನ್ನು ಕೇಳಿ ಪಡೆಯುವುದು. ಅವನ ಮರಳುವಿಕೆಯ ಬೆಲೆ ಅದರಲ್ಲಿದೆ, ಬಹುಮಾನದ ಬೆಳ್ಳಿ ಕಡಗದಲ್ಲಲ್ಲ.

ಅಂಥವನಿಗೆ ಚಪ್ಪಾಳೆ ತಟ್ಟಿ ಊರಿಗೆ ಕಳಿಸಿದರೆ ಸಾಲದು. ಮುಚ್ಚಿದ ಗರಡಿಮನೆಯ ಕೀಲಿಯನ್ನು ಅವನ ಕೈಗೆ ಕೊಡಬೇಕು. ಹುಡುಗರಿಗೆ ಪಟ್ಟು ಕಲಿಸಲಿ, ಅದಕ್ಕೆ ತಿಂಗಳ ಪಗಾರವೂ ಸಿಗಲಿ. ಅವನ ಕೈಯಲ್ಲಿ ಪಳಗಿದ ಹುಡುಗ ಇಪ್ಪತ್ತೈದಕ್ಕೇ ಅಖಾಡ ಬಿಟ್ಟು ಬೆಂಗಳೂರಿನ ಬಸ್ಸು ಹತ್ತುವಂತಾಗಬಾರದು.