ಪೋಡಿನಲ್ಲಿ ಕೂಡುವ ಸಭೆ

ತೀರ್ಮಾನವನ್ನು ಎಲ್ಲಿಯೋ ಕೈಗೊಂಡು, ಆಮೇಲೆ ಊರವರನ್ನು ಕರೆದು ತಿಳಿಸುವುದಕ್ಕೆ ಸಮಾಲೋಚನೆಯೆಂದು ಹೆಸರಿಡುವುದು ಬಹುಕಾಲದ ವಾಡಿಕೆ. ಮೂಲನಿವಾಸಿಗಳ ಹಕ್ಕುಗಳನ್ನು ಕುರಿತು ವಿಶ್ವಸಂಸ್ಥೆ 2007ರಲ್ಲಿ ಅಂಗೀಕರಿಸಿದ ಘೋಷಣೆ ಇದನ್ನು ಒಪ್ಪುವುದಿಲ್ಲ. ತಮಗೆ ತಟ್ಟುವ ನಿರ್ಧಾರಗಳಲ್ಲಿ, ತಾವೇ ಆರಿಸಿದ ಪ್ರತಿನಿಧಿಗಳ ಮೂಲಕ, ಅವರು ಪಾಲುಗೊಳ್ಳಬೇಕೆನ್ನುತ್ತದೆ. ಇದು ಆಚರಣೆಗೆ ಬರುವುದೆಂತು? ನಮ್ಮ ನಾಡಿನಲ್ಲಿಯೇ ಒಂದು ಉದಾಹರಣೆಯುಂಟು.

ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರು ವಾಸಿಸುವ ನೆಲೆಗೆ ಪೋಡು ಎಂದು ಹೆಸರು. 1974ರಲ್ಲಿ ಆ ಕಾಡು ವನ್ಯಧಾಮವಾಯಿತು. ಬೇಟೆ, ಬೆಟ್ಟದ ಬೇಸಾಯ ನಿಂತವು. ಜೇನು, ನೆಲ್ಲಿ, ಸೀಗೆಗಳನ್ನು ಆಯ್ದು ಮಾರುವುದಕ್ಕೂ ಈ ಶತಮಾನದ ಮೊದಲ ದಶಕದಲ್ಲಿ ತಡೆ ಬಿತ್ತು. ಯಾವ ತೀರ್ಮಾನವೂ ಪೋಡಿನಿಂದ ಹೊರಟದ್ದಲ್ಲ. ಒಣ ಹುಲ್ಲು ತರಗೆಲೆಗಳಿಗೆ ಅವರು ಹಾಕುತ್ತಿದ್ದ ತರಗುಬೆಂಕಿಯನ್ನೂ ನಿಲ್ಲಿಸಲಾಯಿತು. ಲಂಟಾನ ಹಬ್ಬಿದ್ದು ಆಮೇಲೆಯೇ ಎಂದು ಸೋಲಿಗರು ಇಂದಿಗೂ ಹೇಳುತ್ತಾರೆ. ಕೇಳಿದ್ದರೆ ಆಗಲೇ ಹೇಳುತ್ತಿದ್ದರು!

2006ರ ಅರಣ್ಯ ಹಕ್ಕು ಕಾಯಿದೆ ಕ್ರಮವನ್ನು ತಿರುಗಿಸಿತು. ಹಕ್ಕು ಯಾರದು, ಎಷ್ಟು ಎಂಬ ವಿಚಾರಣೆ ಗ್ರಾಮಸಭೆಯಲ್ಲಿ ಮೊದಲಾಗಬೇಕು; ಉಪವಿಭಾಗದ, ಜಿಲ್ಲೆಯ ಸಮಿತಿಗಳ ಸರದಿ ಅನಂತರ. ಈಗಿನ ನಿಯಮದಂತೆ ಸಭೆಗೆ ಸದಸ್ಯರಲ್ಲಿ ಅರ್ಧದಷ್ಟಾದರೂ ಸೇರಬೇಕು. ಸೇರಿದವರಲ್ಲಿ ಮೂರರಲ್ಲೊಂದು ಪಾಲು ಹೆಂಗಸರಿರಬೇಕು.

ಆದರೆ ಸಭೆ ಎಲ್ಲಿ ಕೂಡುತ್ತದೆಂಬುದೇ ಮುಖ್ಯ. ದೂರದ ಪಂಚಾಯಿತಿ ಕಚೇರಿಗೆ ಕೂಲಿ ಬಿಟ್ಟು ಹೋಗುವವರಾರು? ಹೋದರೂ ಪರರ ನಡುವೆ ಬಾಯಿ ಬಿಡುವವರಾರು? ಪೋಡಿನಲ್ಲಿಯೇ ಕೂತರೆ ಮುದುಕಿಯರೂ ಮಾತಾಡುತ್ತಾರೆ. ಸೋಲಿಗರು ತಮ್ಮ ದೇವರು, ಮಾರಮ್ಮ, ವೀರರ ನೆಲೆಗಳನ್ನೂ ಅಬ್ಬಿ, ಕಲ್ಲುಗುಡಿಗಳನ್ನೂ ಸಂಶೋಧಕರ ನೆರವಿನಿಂದ ನಕ್ಷೆಗಿಳಿಸಿದರು. ಇಂಥ ತಾಣಗಳು ನೂರಾರು. ಪಹಣಿಯಿಲ್ಲದವರಿಗೆ ಇದೇ ದಾಖಲೆ. 2011ರ ಜನವರಿಯಲ್ಲಿ ಬೆಟ್ಟವು ಹುಲಿ ಮೀಸಲು ಪ್ರದೇಶವಾಯಿತು. ಅಕ್ಟೋಬರಿನಲ್ಲಿ 25 ಗ್ರಾಮಸಭೆಗಳಿಗೆ ಸಾಮುದಾಯಿಕ ಹಕ್ಕುಪತ್ರ ದೊರೆಯಿತು. ದೇಶದ ಹುಲಿ ಮೀಸಲುಗಳಲ್ಲಿ ಅದೇ ಮೊದಲು. ಎಲ್ಲವೂ ಸರಿಹೋಯಿತೆಂದಲ್ಲ, ಕಾಡಿನ ಮೇಲ್ವಿಚಾರಣೆಯಲ್ಲಿ ಪೋಡಿನ ಮಾತಿಗೆ ಎಷ್ಟು ತೂಕವೆಂಬ ವಾದ ನಡೆದೇ ಇದೆ.

ರಾಮಗಿರಿಯ ಓದುಗರು ಇದು ನಮಗೇಕೆ ಎನ್ನಬಹುದು. ಹೊಳಲ್ಕೆರೆ, ಹೊಸದುರ್ಗ, ಹಿರಿಯೂರುಗಳ ಸುತ್ತ ಕಾಡುಗೊಲ್ಲರ ಹಟ್ಟಿಗಳುಂಟು, ಕುರಿ ಕಾಯುವವರುಂಟು. ಪರಿಶಿಷ್ಟ ಪಂಗಡದವರಲ್ಲದಿದ್ದರೂ ಕಾಡಿನಲ್ಲಿ ನೆಲೆಸಿ ಅದನ್ನೇ ನೆಚ್ಚಿ ಬದುಕಿದವರಿಗೆ ಈ ಕಾಯಿದೆಯಲ್ಲಿ ಸ್ಥಾನವಿದೆ. 2005ರ ಡಿಸೆಂಬರ್ 13ಕ್ಕೆ ಹಿಂದಿನ 75 ವರ್ಷಗಳ ವಾಸವನ್ನು ತೋರಿಸಬೇಕು. ಕಾಗದವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಹಿರಿಯರ ಹೇಳಿಕೆಯನ್ನು ಬರೆದುಕೊಂಡರೆ ಅದೂ ಸಾಕ್ಷ್ಯ. ಹಳೆಯ ಸಮಾಧಿ, ದೇವರ ಮರ, ಕಟ್ಟೆಗಳೂ ಸಾಕ್ಷ್ಯ. ಆ ಹೇಳಿಕೆಯನ್ನು ಕೇಳುವ ಸಭೆಯನ್ನು ಹಗಲು ಹನ್ನೊಂದಕ್ಕೆ ಕರೆದರೆ ಹಟ್ಟಿಯಲ್ಲಿ ಯಾರೂ ಇರುವುದಿಲ್ಲ. ಕುರಿಗಳು ರೊಪ್ಪಕ್ಕೆ ಮರಳಿದ ಮೇಲೆ ಕರೆಯಬೇಕು.