ವಿಲ್ ಬರೆದಾಯ್ತು, ಆಮೇಲೆ?

ಮನೆ ಯಜಮಾನರು ವಿಲ್ ಬರೆದಿದ್ದಾರೆ. ರಿಜಿಸ್ಟರ್ ಕೂಡ ಮಾಡಿಸಿದ್ದಾರೆ. ಬೀರುವಿನಲ್ಲಿಟ್ಟು ಬೀಗ ಹಾಕಿ, 'ಇನ್ನು ಮಕ್ಕಳು ಕಿತ್ತಾಡೋ ಹಾಗಿಲ್ಲ' ಅಂತ ನೆಮ್ಮದಿಯಾಗಿದ್ದಾರೆ. ಆದರೆ ವೀಕ್ಷಕರೇ, ಆ ವಿಲ್ ಬರೆದು ಎಷ್ಟು ವರ್ಷ ಆಯ್ತು?

ಒಂದು ಉದಾಹರಣೆ ನೋಡೋಣ. ತುಮಕೂರಿನ ಒಬ್ಬ ತಂದೆ ಅಂದ್ಕೊಳ್ಳಿ. ಎಲ್ಲಾ ಸ್ವಂತ ದುಡಿಮೆಯ ಆಸ್ತಿ. 2005ರಲ್ಲಿ ವಿಲ್ ಬರೆದರು: ಸೈಟು ದೊಡ್ಡವನಿಗೆ, ಮನೆ ಚಿಕ್ಕವನಿಗೆ. ಆಮೇಲೆ ಮಗಳ ಮದುವೆಗೆ ಅಂತ ಸೈಟು ಮಾರಿದರು. ವಿಲ್ ಮಾತ್ರ ಹಾಗೇ ಉಳೀತು. ಅವರು ತೀರಿಕೊಂಡ ಮೇಲೆ ಚಿಕ್ಕವನಿಗೆ ಮನೆ ಸಿಗತ್ತೆ. ದೊಡ್ಡವನ ಪಾಲಿಗೆ ಬಂದದ್ದು ಇಲ್ಲದ ಸೈಟು! ಅದರ ಬದಲು ಮನೆಯಲ್ಲಿ ಪಾಲು ಕೊಡಿ ಅಂತ ಕೇಳೋ ಹಾಗೂ ಇಲ್ಲ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆ ಹೇಳೋದು ಇದನ್ನೇ: ವಿಲ್‌ನಲ್ಲಿ ಗುರುತಿಸಿ ಬರೆದ ಆಸ್ತಿ, ಬರೆದವರು ಸಾಯುವ ಹೊತ್ತಿಗೆ ಅವರದ್ದಾಗಿ ಉಳಿದಿರಬೇಕು. ತಂದೆ ಭೇದ ಮಾಡಿದವರಲ್ಲ. ಮರೆತರು, ಅಷ್ಟೇ. ಆ ಮರೆವಿಗೆ ಅಣ್ಣತಮ್ಮಂದಿರು ಕೋರ್ಟಿಗೆ ಅಲೀತಾರೆ.

ಹಾಗಾದ್ರೆ ಯಾವಾಗ ಬದಲಿಸಬೇಕು? ಆಸ್ತಿ ಮಾರಿದಾಗ, ಹೊಸದು ಕೊಂಡಾಗ. ಮನೆಯಲ್ಲಿ ಮದುವೆ, ವಿಚ್ಛೇದನ, ಹುಟ್ಟು, ಸಾವು ಆದಾಗ. ಮದುವೆ ವಿಚಾರದಲ್ಲಿ ಒಂದು ಸೂಕ್ಷ್ಮ ಇದೆ. ಕ್ರೈಸ್ತರು, ಪಾರ್ಸಿಗಳು ವಿಲ್ ಬರೆದ ಮೇಲೆ ಮದುವೆಯಾದರೆ ಆ ವಿಲ್ ತಾನಾಗಿಯೇ ರದ್ದು. ಹಿಂದೂಗಳಿಗೆ ಹಾಗಲ್ಲ. ಬ್ರಹ್ಮಚಾರಿಯಾಗಿದ್ದಾಗ ತಮ್ಮನ ಹೆಸರಿಗೆ ಬರೆದ ಕಾಗದ, ನಾಳೆ ಹೆಂಡತಿ ಮಕ್ಕಳನ್ನೇ ಹೊರಗಿಡಬಹುದು.

'ನಾಮಿನಿ ಹೆಸರು ಕೊಟ್ಟಿದೀವಲ್ಲ' ಅಂತೀರಾ? ಬ್ಯಾಂಕ್ ಠೇವಣಿಯಲ್ಲಿ ನಾಮಿನಿ ದುಡ್ಡು ಪಡೆಯೋರು ಮಾತ್ರ, ವಾರಸುದಾರರು ಬೇರೆ ಇರಬಹುದು. ಷೇರುಗಳ ವಿಚಾರದಲ್ಲೂ ಸುಪ್ರೀಂ ಕೋರ್ಟ್ 2023ರಲ್ಲಿ ಇದನ್ನೇ ಹೇಳಿದೆ.

ಬದಲಿಸೋದು ಕಷ್ಟವೂ ಅಲ್ಲ. ಸ್ಟಾಂಪ್ ಪೇಪರ್ ಬೇಕಿಲ್ಲ, ಬಿಳಿ ಹಾಳೆ ಸಾಕು. 'ಹಿಂದಿನ ವಿಲ್‌ಗಳೆಲ್ಲ ರದ್ದು' ಅಂತ ಬರೆದು, ತಾರೀಖು ಹಾಕಿ, ಇಬ್ಬರು ಸಾಕ್ಷಿಗಳ ಮುಂದೆ ಸಹಿ ಮಾಡಿ. ಅವರೂ ನಿಮ್ಮೆದುರೇ ಸಹಿ ಮಾಡಲಿ. ನೋಂದಣಿ ಕಡ್ಡಾಯವಲ್ಲ, ಮಾಡಿಸಿದರೆ ಮುಂದೆ ಅನುಮಾನ ಕಮ್ಮಿ. ಹಳೆಯದು ರಿಜಿಸ್ಟರ್ ಆಗಿದ್ದರೂ, ಕ್ರಮಬದ್ಧವಾಗಿ ಬರೆದ ಕೊನೆಯ ವಿಲ್ಲೇ ಲೆಕ್ಕ.

ಯುಗಾದಿಗೆ ಮನೆಯೆಲ್ಲ ಧೂಳು ಹೊಡೀತೀರಲ್ಲ, ಆವತ್ತು ಬೀರು ತೆಗೆದು ಆ ಕಾಗದವನ್ನೂ ಒಮ್ಮೆ ಓದಿ. ಅದರಲ್ಲಿರೋ ಆಸ್ತಿ ಇನ್ನೂ ನಿಮ್ಮದೇನಾ? ಅದರಲ್ಲಿ ಹೆಸರಿರೋರೆಲ್ಲ ಇನ್ನೂ ಇದ್ದಾರಾ? ಆಮೇಲೆ ಹುಟ್ಟಿದವರ ಹೆಸರು ಅದರಲ್ಲಿದೆಯಾ?