ಥಿಯೊಡೋರ್ ಸೆಡ್ಜ್‌ವಿಕ್ ಎಂಬ ವಕೀಲನೂ ಬೆಟ್ ಎಂಬ ದಾಸಿಯೂ

ಅಮೇರಿಕ ದೇಶದ ಮಹನೀಯರೆಂದೊಡನೆ ವಾಷಿಂಗ್ಟನ್, ಜೆಫರ್ಸನ್, ಲಿಂಕನ್ ಎಂಬ ಹೆಸರುಗಳು ನಮ್ಮ ಬಾಲಿಕೆಯರ ನಾಲಗೆಯ ಮೇಲೆಯೂ ಸುಲಭವಾಗಿ ಬರುವುವು. ಥಿಯೊಡೋರ್ ಸೆಡ್ಜ್‌ವಿಕ್ ಎಂಬವನ ಹೆಸರನ್ನು ಕೇಳಿದವರು ವಿರಳ. ಆತನು ಸಂಯುಕ್ತ ಸಂಸ್ಥಾನಗಳ ಪ್ರತಿನಿಧಿ ಸಭೆಯ ಅಧ್ಯಕ್ಷನಾಗಿಯೂ, ಸೆನೆಟ್ ಸಭೆಯ ಸದಸ್ಯನಾಗಿಯೂ, ಕಡೆಗೆ ತನ್ನ ಸಂಸ್ಥಾನದ ಅತ್ಯುಚ್ಚ ನ್ಯಾಯಸ್ಥಾನದಲ್ಲಿ ನ್ಯಾಯಾಧಿಪತಿಯಾಗಿಯೂ ಇದ್ದನು. ಇಷ್ಟೆಲ್ಲ ಪದವಿಗಳನ್ನು ಅನುಭವಿಸಿದವರು ಆ ದೇಶದಲ್ಲಿ ಬಹುಮಂದಿ ಉಂಟು. ಅವರನ್ನೆಲ್ಲ ಈ ಸಂಚಿಕೆಯಲ್ಲಿ ನೆನೆಯಬೇಕಾದ ಕಾರಣ ನಮಗಿಲ್ಲ. ಆದರೆ ಓದುಬರಹವನ್ನರಿಯದ ಒಬ್ಬ ದಾಸಿಯು ಒಂದು ದಿನ ಈ ವಕೀಲನ ಬಳಿಗೆ ಬಂದು ಒಂದು ಪ್ರಶ್ನೆಯನ್ನು ಕೇಳಿದಳು. ಆ ಪ್ರಶ್ನೆಯೂ ಅದಕ್ಕೆ ದೊರೆತ ಉತ್ತರವೂ ನಮ್ಮ ಹಳೆಯ ವಿದ್ಯಾರ್ಥಿನಿಯರು ತಿಳಿಯತಕ್ಕವುಗಳೆಂದು ನಾವು ಎಣಿಸಿದ್ದೇವೆ.

ಸೆಡ್ಜ್‌ವಿಕ್ಕನು 1746ನೆಯ ಇಸವಿಯ ಮೇ ತಿಂಗಳಲ್ಲಿ ಕನೆಕ್ಟಿಕಟ್ ಪ್ರಾಂತದ ವೆಸ್ಟ್ ಹಾರ್ಟ್‌ಫರ್ಡ್ ಎಂಬಲ್ಲಿ ಜನಿಸಿದನು. ಬಾಲ್ಯದಲ್ಲಿಯೇ ತಂದೆಯು ತೀರಿಕೊಂಡುದರಿಂದ ಅಣ್ಣನಾದ ಜಾನನು ತಮ್ಮನ ವಿದ್ಯಾಭ್ಯಾಸದ ಭಾರವನ್ನು ಹೊತ್ತನು. ತಮ್ಮನಾದರೋ ಯೇಲ್ ವಿದ್ಯಾಲಯವನ್ನು ಸೇರಿ ಪದವಿಯನ್ನು ಪಡೆಯದೆಯೇ ಹೊರಬಿದ್ದನು. ಮೊದಲು ದೇವಜ್ಞಾನ ಶಾಸ್ತ್ರವನ್ನು ಓದತೊಡಗಿ, ಬಳಿಕ ಅದನ್ನು ಬಿಟ್ಟು, ಮಸಾಚುಸೆಟ್ಸ್ ಪ್ರಾಂತದ ಗ್ರೇಟ್ ಬ್ಯಾರಿಂಗ್ಟನ್ ಊರಿನಲ್ಲಿ ಮಾರ್ಕ್ ಹಾಪ್ಕಿನ್ಸ್ ಎಂಬ ವಕೀಲನ ಬಳಿ ಕಾಯಿದೆಯನ್ನು ಕಲಿತನು. ಕಾಯಿದೆಯನ್ನು ಕಲಿಸುವ ಕಾಲೇಜುಗಳು ಆಗ ಅಲ್ಲಿ ಇರಲಿಲ್ಲ. ಹಿರಿಯ ವಕೀಲನ ಕಚೇರಿಯೇ ಪಾಠಶಾಲೆ. 1766ರಲ್ಲಿ ಆತನಿಗೆ ವಕೀಲಿಯ ಸನ್ನದು ದೊರೆಯಿತು. ಅನಂತರ ಸಮೀಪದ ಶೆಫೀಲ್ಡ್ ಎಂಬ ಊರಿನಲ್ಲಿ ನೆಲೆಸಿ ಬೇಗನೆ ಹೆಸರನ್ನು ಸಂಪಾದಿಸಿದನು.

ಆ ಊರಿನ ದೊಡ್ಡ ಮನುಷ್ಯನು ಕರ್ನಲ್ ಜಾನ್ ಆಶ್ಲಿ ಎಂಬವನು. ಆತನು ವಿಶೇಷ ಭೂಮಿಕಾಣಿಯುಳ್ಳವನು. ಜಿಲ್ಲೆಯ ನ್ಯಾಯಸ್ಥಾನದಲ್ಲಿ ನ್ಯಾಯಾಧೀಶನಾಗಿಯೂ ಕುಳಿತವನು. ಇಂಗ್ಲೆಂಡಿನ ಸರಕಾರಕ್ಕೂ ಅಮೇರಿಕದ ವಲಸೆಗಾರರಿಗೂ ಮನಸ್ತಾಪವು ಬೆಳೆಯುತ್ತಿದ್ದ ಕಾಲವದು. 1773ರ ಜನವರಿಯಲ್ಲಿ ಊರಿನ ಕೆಲವು ಮುಖ್ಯಸ್ಥರು ಆಶ್ಲಿಯ ಮನೆಯಲ್ಲಿ ಸೇರಿ, ತಮಗಾಗುತ್ತಿರುವ ಅನ್ಯಾಯಗಳನ್ನು ಕುರಿತು ಒಂದು ನಿರ್ಣಯಪತ್ರವನ್ನು ಸಿದ್ಧಪಡಿಸಿದರು. ಅದನ್ನು ಬರೆಯುವುದರಲ್ಲಿ ತರುಣನಾದ ಸೆಡ್ಜ್‌ವಿಕ್ಕನ ಕೈ ಪ್ರಧಾನವಾಗಿತ್ತು. ಮನುಷ್ಯರೆಲ್ಲರೂ ಸ್ವಭಾವತಃ ಸಮಾನರೂ ಸ್ವತಂತ್ರರೂ ಆಗಿದ್ದಾರೆಂಬುದೇ ಆ ಪತ್ರದ ಮೊದಲನೆಯ ನಿರ್ಣಯ. ಈ ಮಾತನ್ನು ಬರೆದು ಒಪ್ಪಿಕೊಂಡ ಅದೇ ಮನೆಯಲ್ಲಿ ಆಫ್ರಿಕ ಸಂತತಿಯ ಗುಲಾಮರು ಒಲೆ ಉರಿಸಿ ನೀರು ಹೊತ್ತು ಊಟ ಬಡಿಸುತ್ತಿದ್ದರು. ಅದು ಆ ದಿನ ಅಲ್ಲಿ ಕುಳಿತಿದ್ದವರಿಗೆ ವಿಪರೀತವಾಗಿ ತೋರಿದಂತೆ ಕಾಣುವುದಿಲ್ಲ.

ಆ ಗುಲಾಮರಲ್ಲಿ ಬೆಟ್ ಎಂಬವಳೊಬ್ಬಳಿದ್ದಳು. ಆಕೆಯ ಯಜಮಾನಿಯು ಬಹು ಕಠಿಣ ಸ್ವಭಾವದವಳು. ಒಂದು ದಿನ ಆ ಯಜಮಾನಿಯು ಕೋಪಾವೇಶದಿಂದ ಒಲೆಯಲ್ಲಿ ಕಾದಿದ್ದ ಕಬ್ಬಿಣದ ಸಲಿಕೆಯನ್ನೆತ್ತಿ ಲಿಜ್ಜಿ ಎಂಬ ಹುಡುಗಿಯನ್ನು ಹೊಡೆಯಹೋದಳು. ಬೆಟ್ಟಳು ನಡುವೆ ನುಗ್ಗಿ ತನ್ನ ತೋಳನ್ನು ಅಡ್ಡಲಾಗಿ ಒಡ್ಡಿದಳು. ಏಟು ಅವಳ ತೋಳಿಗೆ ಬಿದ್ದು, ಆ ಗಾಯದ ಗುರುತು ಸಾಯುವ ತನಕ ಉಳಿಯಿತು. ಆಕೆಯು ಅದನ್ನು ಬಟ್ಟೆಯಿಂದ ಮರೆಮಾಡಲಿಲ್ಲ. ಯಾರಾದರೂ ಇದೇನೆಂದು ವಿಚಾರಿಸಿದರೆ, ಯಜಮಾನಿಯನ್ನೇ ಕೇಳಿರೆಂದು ಹೇಳಿಬಿಡುತ್ತಿದ್ದಳಂತೆ.

ಹೀಗಿರಲು 1780ರಲ್ಲಿ ಮಸಾಚುಸೆಟ್ಸಿನ ಜನರು ತಮಗಾಗಿ ಒಂದು ಹೊಸ ರಾಜ್ಯಾಂಗ ಶಾಸನವನ್ನು ಅಂಗೀಕರಿಸಿದರು. ಮನುಷ್ಯರೆಲ್ಲರೂ ಸ್ವತಂತ್ರರಾಗಿಯೂ ಸಮಾನರಾಗಿಯೂ ಹುಟ್ಟಿದವರೆಂದು ಅದರ ಮೊದಲನೆಯ ವಿಧಿಯಲ್ಲಿಯೇ ಸಾರಲಾಗಿತ್ತು. ಬೆಟ್ಟಳು ಅದನ್ನು ಓದಿದವಳಲ್ಲ. ಯಾರೋ ಓದುತ್ತಿರುವಾಗ, ಯಾರೋ ಮಾತನಾಡುತ್ತಿರುವಾಗ ಕೇಳಿದವಳು. ಕೇಳಿ ಸುಮ್ಮನಿರಲಿಲ್ಲ. ಸೆಡ್ಜ್‌ವಿಕ್ಕನ ಬಳಿಗೆ ಹೋಗಿ, ತಾನು ಮೂಕಪ್ರಾಣಿಯಲ್ಲವಷ್ಟೆ, ಈ ಶಾಸನವು ತನಗೂ ಬಿಡುಗಡೆಯನ್ನು ಕೊಡಲಾರದೆ, ಎಂಬರ್ಥದಲ್ಲಿ ವಿಚಾರಿಸಿದಳು. ವಕೀಲನ ಸ್ಥಿತಿಯನ್ನು ನಾವು ಸ್ವಲ್ಪ ಯೋಚಿಸಬೇಕು. ಆಶ್ಲಿಯು ಊರಿನಲ್ಲಿ ಪ್ರಬಲನು. ಸೆಡ್ಜ್‌ವಿಕ್ಕನಿಗೆ ಪರಿಚಿತನು, ನಿರ್ಣಯಪತ್ರದ ಕೆಲಸದಲ್ಲಿ ಜೊತೆಗಾರನು. ಆದರೂ ಆತನು ಆ ದಾಸಿಯ ಪರವಾಗಿ ನಿಲ್ಲಲು ಒಪ್ಪಿದನು. ಕನೆಕ್ಟಿಕಟ್ಟಿನ ಟ್ಯಾಪಿಂಗ್ ರೀವ್ ಎಂಬ ಪಂಡಿತನಾದ ವಕೀಲನನ್ನೂ ತನ್ನೊಡನೆ ಕೂಡಿಸಿಕೊಂಡನು. ಈ ರೀವನೇ ಮುಂದೆ ಲಿಚ್‌ಫೀಲ್ಡಿನ ನ್ಯಾಯಶಾಸ್ತ್ರ ಪಾಠಶಾಲೆಯಿಂದ ಪ್ರಖ್ಯಾತನಾದವನು. ಆಶ್ಲಿಯ ಮನೆಯ ಬ್ರಾಮ್ ಎಂಬ ಗುಲಾಮನೂ ಬೆಟ್ಟಳೊಡನೆ ಫಿರ್ಯಾದಿಯಾದನು.

ವಕೀಲರು ಹಿಡಿದ ದಾರಿಯು ವಿಚಿತ್ರವಾದುದು. ಒಬ್ಬನ ದನಕರುಗಳನ್ನಾಗಲಿ ಸಾಮಾನುಗಳನ್ನಾಗಲಿ ಮತ್ತೊಬ್ಬನು ಅನ್ಯಾಯವಾಗಿ ಹಿಡಿದಿಟ್ಟುಕೊಂಡರೆ, ಅವನ್ನು ಬಿಡಿಸಿಕೊಡುವಂತೆ ನ್ಯಾಯಸ್ಥಾನದಿಂದ ಹುಕುಂ ಪಡೆಯುವ ಪದ್ಧತಿ ಇಂಗ್ಲಿಷ್ ಕಾಯಿದೆಯಲ್ಲಿ ಹಿಂದಿನಿಂದಲೂ ಉಂಟು. ಅಂತಹ ಹುಕುಮನ್ನೇ ಇವರು ಬ್ರಾಮನನ್ನೂ ಬೆಟ್ಟಳನ್ನೂ ಬಿಡಿಸುವುದಕ್ಕಾಗಿ ಹೊರಡಿಸಿದರು. ಇವರಿಬ್ಬರೂ ತನಗೆ ಜೀವಾವಧಿಯ ಸೇವಕರೆಂದು ಹೇಳಿ ಆಶ್ಲಿಯು ಬಿಡಲೊಪ್ಪಲಿಲ್ಲ. ಹಾಗೆ ಹೇಳಿದ್ದರಿಂದ, ಒಬ್ಬ ಮನುಷ್ಯನು ಇನ್ನೊಬ್ಬನಿಗೆ ಸೊತ್ತಾಗಿರಬಹುದೇ ಎಂಬ ಪ್ರಶ್ನೆಯೇ ನೇರವಾಗಿ ನ್ಯಾಯಸ್ಥಾನದ ಮುಂದೆ ಬಂದು ನಿಂತಿತು. ಹೊಸ ಶಾಸನದ ಮೊದಲನೆಯ ವಿಧಿಯು ಎಲ್ಲರಿಗೂ ಅನ್ವಯಿಸುವುದಾದುದರಿಂದ ಗುಲಾಮಗಿರಿಗೆ ಇನ್ನು ಆಧಾರವಿಲ್ಲವೆಂಬುದೇ ಸೆಡ್ಜ್‌ವಿಕ್ಕನ ವಾದದ ಸಾರ.

1781ರ ಆಗಸ್ಟ್ ತಿಂಗಳಲ್ಲಿ ಗ್ರೇಟ್ ಬ್ಯಾರಿಂಗ್ಟನ್ನಿನಲ್ಲಿ ವಿಚಾರಣೆ ನಡೆಯಿತು. ಬ್ರಾಮನೂ ಬೆಟ್ಟಳೂ ಆಶ್ಲಿಯ ಗುಲಾಮರಲ್ಲವೆಂದು ಜೂರಿಯವರು ತೀರ್ಮಾನಿಸಿದರು. ಪ್ರತಿವಾದಿಯು 30 ಷಿಲಿಂಗುಗಳ ನಷ್ಟಪರಿಹಾರವನ್ನೂ ವ್ಯಾಜ್ಯದ ಖರ್ಚನ್ನೂ ಕೊಡಬೇಕೆಂದು ವಿಧಿಸಲ್ಪಟ್ಟಿತು. ಆಶ್ಲಿಯು ಮೊದಲು ಅಪೀಲು ಮಾಡಿ, ಕೆಲವೇ ವಾರಗಳಲ್ಲಿ ಅದನ್ನು ಕೈಬಿಟ್ಟನು. ಇದಾದ ಎರಡು ವರ್ಷಗಳಿಗೆ, 1783ರಲ್ಲಿ, ಕ್ವಾಕ್ ವಾಕರ್ ಎಂಬವನ ಮೊಕದ್ದಮೆಯಲ್ಲಿ ಮುಖ್ಯ ನ್ಯಾಯಾಧಿಪತಿ ವಿಲಿಯಂ ಕುಶಿಂಗನು ಅದೇ ಶಾಸನವನ್ನು ಮುಂದಿಟ್ಟು, ಗುಲಾಮಗಿರಿಯು ಅದಕ್ಕೆ ವಿರುದ್ಧವೆಂದು ಜೂರಿಯವರಿಗೆ ಬೋಧಿಸಿದನು. 1790ರ ಜನಗಣತಿಯಲ್ಲಿ ಮಸಾಚುಸೆಟ್ಸಿನ ಲೆಕ್ಕದೊಳಗೆ ಒಬ್ಬ ಗುಲಾಮನೂ ದಾಖಲಾಗಲಿಲ್ಲ.

ಬೆಟ್ಟಳು ಎಲಿಜಬೆತ್ ಫ್ರೀಮನ್ ಎಂಬ ಹೊಸ ಹೆಸರನ್ನಿಟ್ಟುಕೊಂಡಳು; ಫ್ರೀಮನ್ ಎಂದರೆ ಬಿಡುಗಡೆ ಹೊಂದಿದ ಮನುಷ್ಯನೆಂದರ್ಥ. ಸಂಬಳ ಕೊಡುತ್ತೇನೆ, ಹಿಂದಿರುಗಿ ಬಾ ಎಂದು ಆಶ್ಲಿಯು ಕರೆದರೂ ಹೋಗಲಿಲ್ಲ. ಸೆಡ್ಜ್‌ವಿಕ್ಕನ ಮನೆಯಲ್ಲಿ ಸಂಬಳಕ್ಕೆ ನಿಂತಳು. ಅಲ್ಲಿಯ ಮಕ್ಕಳು ಆಕೆಯನ್ನು ಮಮ್‌ಬೆಟ್ ಎಂದು ಕರೆಯುತ್ತಿದ್ದರು. ಆಕೆಯು ಸೂಲಗಿತ್ತಿಯ ಕೆಲಸದಲ್ಲಿಯೂ ರೋಗಿಗಳ ಶುಶ್ರೂಷೆಯಲ್ಲಿಯೂ ಆ ಸೀಮೆಯಲ್ಲೆಲ್ಲ ಪ್ರಸಿದ್ಧಳಾಗಿ, ಕಾಲಕ್ರಮದಲ್ಲಿ ತನ್ನ ಗಳಿಕೆಯಿಂದಲೇ ಸ್ವಂತ ಮನೆಯನ್ನು ಮಾಡಿಕೊಂಡಳು.

ಆ ಮನೆಯಲ್ಲಿ ಆಕೆಯ ಧೈರ್ಯವು ಒಂದು ಸಾರಿ ಪರೀಕ್ಷೆಗೆ ಬಂತು. 1786 ಮತ್ತು 1787ರಲ್ಲಿ ಸಾಲದ ಬಾಧೆಯಿಂದಲೂ ಕಂದಾಯದ ಭಾರದಿಂದಲೂ ರೋಸಿಹೋದ ರೈತರು ಡೇನಿಯಲ್ ಶೇಸ್ ಎಂಬವನ ಹೆಸರಿನಲ್ಲಿ ದಂಗೆಯೆದ್ದರು. ನ್ಯಾಯಸ್ಥಾನಗಳೂ ವಕೀಲರೂ ಅವರಿಗೆ ಕಣ್ಣಿನ ಕಸವಾಗಿದ್ದರು. ಅಷ್ಟರಲ್ಲಿ ಸೆಡ್ಜ್‌ವಿಕ್ಕನು ಸ್ಟಾಕ್‌ಬ್ರಿಡ್ಜ್ ಎಂಬ ಊರಿಗೆ ಬಂದು ನೆಲೆಸಿದ್ದನು. ಆತನು ಮನೆಯಲ್ಲಿಲ್ಲದ ಸಮಯದಲ್ಲಿ ದಂಗೆಕೋರರು ನುಗ್ಗಿದರು. ಬೆಟ್ಟಳು ಮನೆಯ ಬೆಳ್ಳಿಯ ಪಾತ್ರೆಗಳನ್ನು ತನ್ನ ಹಳೆಯ ಪೆಟ್ಟಿಗೆಯಲ್ಲಿ ಬಚ್ಚಿಟ್ಟಿದ್ದಳು. ಅವರು ಅದನ್ನು ತೆರೆಯಹೋದಾಗ, ಬಡ ಕರಿಯ ಹೆಂಗಸಿನ ಪೆಟ್ಟಿಗೆಯನ್ನೂ ಶೋಧಿಸುವಿರಾ ಎಂದು ಅವರನ್ನು ನಾಚಿಸಿ ಹಿಂದಕ್ಕೆ ಕಳುಹಿಸಿದಳು.

ಇನ್ನು ಸೆಡ್ಜ್‌ವಿಕ್ಕನ ರಾಜಕೀಯ ಜೀವನವನ್ನು ಸಂಕ್ಷೇಪವಾಗಿ ಹೇಳುತ್ತೇವೆ. 1788ರಲ್ಲಿ ಸಂಯುಕ್ತ ಸಂಸ್ಥಾನಗಳ ರಾಜ್ಯಾಂಗವನ್ನು ಮಸಾಚುಸೆಟ್ಸ್ ಅಂಗೀಕರಿಸಿದ ಸಭೆಯಲ್ಲಿ ಆತನು ಅದರ ಪರವಾಗಿದ್ದನು. 1789ರಿಂದ ಪ್ರತಿನಿಧಿ ಸಭೆಯಲ್ಲಿಯೂ, 1796ರಿಂದ 1799ರ ವರೆಗೆ ಸೆನೆಟ್ಟಿನಲ್ಲಿಯೂ ಕುಳಿತನು. 1799ರ ಡಿಸೆಂಬರಿನಲ್ಲಿ ಪ್ರತಿನಿಧಿ ಸಭೆಯ ಅಧ್ಯಕ್ಷನಾದನು. ಆ ಸಭೆಯು ವಾಷಿಂಗ್ಟನ್ ನಗರಕ್ಕೆ ಬಂದುದು ಆತನ ಅಧ್ಯಕ್ಷತೆಯಲ್ಲಿಯೇ. ಸಾಮಾನ್ಯ ಜನರ ಆಳ್ವಿಕೆಯಲ್ಲಿ ಆತನಿಗೆ ನಂಬಿಕೆ ಕಡಮೆ. ಜೆಫರ್ಸನನ ಪಕ್ಷವನ್ನು ಎಂದಿಗೂ ಮೆಚ್ಚದ ಆತನೇ, 1801ರ ಫೆಬ್ರವರಿಯಲ್ಲಿ 36 ಸಾರಿ ಮತವೆಣಿಸಿದ ಮೇಲೆ ಜೆಫರ್ಸನನು ರಾಷ್ಟ್ರಾಧ್ಯಕ್ಷನಾಗಿ ಆರಿಸಲ್ಪಟ್ಟ ಸಭೆಯ ಪೀಠದ ಮೇಲೆ ಕುಳಿತಿರಬೇಕಾಯಿತು. ಬಳಿಕ 1802ರಿಂದ 1813ರಲ್ಲಿ ಮೃತನಾಗುವ ವರೆಗೂ ನ್ಯಾಯಾಧಿಪತಿಯಾಗಿದ್ದನು.

ಆತನನ್ನು ದೋಷರಹಿತನೆಂದು ನಾವು ಹೊಗಳಲಾರೆವು. ತಪ್ಪಿಸಿಕೊಂಡು ಹೋದ ಗುಲಾಮರನ್ನು ಬೇರೆ ಸಂಸ್ಥಾನದಲ್ಲಿಯೂ ಹಿಡಿದು ಒಡೆಯನಿಗೆ ಒಪ್ಪಿಸುವ ವಿಷಯದಲ್ಲಿ 1791ರಲ್ಲಿ ಪ್ರತಿನಿಧಿ ಸಭೆಗೆ ಮೊದಲನೆಯ ಮಸೂದೆಯನ್ನು ತಂದ ಉಪಸಮಿತಿಯಲ್ಲಿ ಆತನೂ ಸದಸ್ಯನಾಗಿದ್ದನು. ಆ ಮಸೂದೆಯು ಆಗ ಕಾಯಿದೆಯಾಗಲಿಲ್ಲ. 1793ರಲ್ಲಿ ಬೇರೊಂದು ರೂಪದಲ್ಲಿ ಆಯಿತು. ಆ ವೇಳೆಯಲ್ಲಿ ಬೆಟ್ಟಳು ಆತನ ಮನೆಯಲ್ಲಿಯೇ ಇದ್ದಳೆಂಬುದನ್ನು ನೆನೆದರೆ ನಮ್ಮ ಮನಸ್ಸಿಗೆ ಖೇದವಾಗುತ್ತದೆ.

ಮನೆಯೊಳಗೂ ದುಃಖವಿತ್ತು. ಯಜಮಾನನು ವರ್ಷದ ಬಹುಭಾಗ ರಾಜಧಾನಿಯಲ್ಲಿರಲು, ಪತ್ನಿಯಾದ ಪಮೇಲಳು ಅನೇಕ ಮಕ್ಕಳೊಡನೆ ಸ್ಟಾಕ್‌ಬ್ರಿಡ್ಜಿನಲ್ಲಿ ಒಂಟಿಯಾಗಿ ಉಳಿದು, ಮನೋವ್ಯಾಧಿಯಿಂದ ಬಾರಿಬಾರಿಗೂ ನರಳಿ 1807ರಲ್ಲಿ ತೀರಿಕೊಂಡಳು. ಆ ದಿನಗಳಲ್ಲಿ ಆಕೆಯನ್ನು ಸಂತೈಸಬಲ್ಲವಳು ಬೆಟ್ಟಳೊಬ್ಬಳೇ. 1789ರಲ್ಲಿ ಹುಟ್ಟಿದ ಮಗಳು ಕ್ಯಾಥರೀನ್ ಮರಿಯಾ ಸೆಡ್ಜ್‌ವಿಕ್ ಮುಂದೆ ಅಮೇರಿಕದ ಪ್ರಸಿದ್ಧ ಕಾದಂಬರಿಕಾರ್ತಿಯಾದಳು. ತನ್ನನ್ನು ಸಾಕಿದವಳ ಕಥೆಯನ್ನು ಈಕೆ 1853ರಲ್ಲಿ ಬರೆದು ಪ್ರಕಟಿಸಿದಳು. ಸಲಿಕೆಯ ಏಟೂ ಪೆಟ್ಟಿಗೆಯ ಸಂಗತಿಯೂ ಇಂದು ನಮಗೆ ತಿಳಿದಿರುವುದು ಬಹುಮಟ್ಟಿಗೆ ಈ ಮಗಳ ಲೇಖನಿಯಿಂದ. ಓದಲಾರದವಳ ಮಾತನ್ನು ಓದಿ ಬರೆಯಬಲ್ಲ ಹುಡುಗಿಯೊಬ್ಬಳು ಕಾಪಾಡಿದಳು.

ಎಲಿಜಬೆತ್ ಫ್ರೀಮನ್ನಳು 1829ರ ಡಿಸೆಂಬರ್ 28ರಲ್ಲಿ ಮೃತಳಾದಳು. ಸ್ಟಾಕ್‌ಬ್ರಿಡ್ಜಿನ ಶ್ಮಶಾನದಲ್ಲಿ ನ್ಯಾಯಾಧಿಪತಿ ಸೆಡ್ಜ್‌ವಿಕ್ಕನ ಸಮಾಧಿಯ ಸುತ್ತಲೂ ಆತನ ವಂಶದವರ ಸಮಾಧಿಗಳು ವೃತ್ತಾಕಾರವಾಗಿವೆ. ಬೆಟ್ಟಳ ಕಲ್ಲೂ ಅದೇ ವೃತ್ತದೊಳಗಿದೆ. 1867ರಲ್ಲಿ ಕಾಲವಾದ ಕ್ಯಾಥರೀನಳನ್ನು ಅದರ ಪಕ್ಕದಲ್ಲಿಯೇ ಹೂಳಿದರು.